ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಲು ಪಕ್ಕದಲ್ಲೇ ಇರುವಾಗ ನಕ್ಷೆ ಯಾಕೆ?

ಇಂಗ್ಲೆಂಡಿನ ನೈಋತ್ಯ ಮೂಲೆಯನ್ನು ಸುತ್ತಿ ಬರುವ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಾಲುಹಾದಿಯ ಬಗ್ಗೆ, ಅದರಲ್ಲೂ ಆ ಹಾದಿಗೆ ಬೇಕಾಗುವ ವಿವರವಾದ ನಕ್ಷೆಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಬರೆದವರಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ, ಬೇಸಿಗೆಯಲ್ಲಿ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಂದಿರೂ ಇದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಹಾದಿಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಾಮರ್ಸೆಟ್‌ನ ಮೈನ್‌ಹೆಡ್ ಊರಿನಲ್ಲಿ ಹೊರಟು, ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಗಳ ದಂಡೆಯನ್ನು ಬಳಸಿ, ಡಾರ್ಸೆಟ್‌ನ ಪೂಲ್ ಬಂದರಿನ ಬಾಯಿಯಲ್ಲಿರುವ ಸೌತ್ ಹೇವನ್ ಪಾಯಿಂಟ್‌ನಲ್ಲಿ ಮುಗಿಯುವ ಇದರ ಉದ್ದ 630 ಮೈಲಿ, ಅಂದರೆ 1,014 ಕಿ.ಮೀ. ಕಳ್ಳಸಾಗಣೆಯ ದೋಣಿಗಳನ್ನು ಹುಡುಕುತ್ತ ಪ್ರತಿಯೊಂದು ಕೊಲ್ಲಿಯಲ್ಲೂ ಇಣುಕಿ ನೋಡಬೇಕಾಗಿದ್ದ ಕರಾವಳಿ ಕಾವಲುಗಾರರ ಗಸ್ತಿನ ದಾರಿಯೇ ಇದರ ಮೂಲ. 1973ರಿಂದ 1978ರ ನಡುವೆ ಇದನ್ನು ತುಂಡು ತುಂಡಾಗಿ ಸಾರ್ವಜನಿಕ ಹಾದಿಯಾಗಿ ತೆರೆಯಲಾಯಿತು.

ಪ್ರಶ್ನೆ: ಗೆಳೆಯರೊಂದಿಗೆ ಈ ಹಾದಿಯನ್ನು ಕಂತು ಕಂತಾಗಿ ನಡೆದು ಮುಗಿಸುವ ಯೋಚನೆಯಿದೆ. ಇಡೀ ಹಾದಿಗೆ ಹದಿನಾರರಷ್ಟು ಎಕ್ಸ್‌ಪ್ಲೋರರ್ ನಕ್ಷೆಗಳು (ಬ್ರಿಟನ್ನಿನ ಆರ್ಡನೆನ್ಸ್ ಸರ್ವೇ ಸಂಸ್ಥೆಯ ವಿವರವಾದ ಹಾಳೆಗಳು) ಬೇಕೆಂದು ಅಂಗಡಿಯವರು ಹೇಳುತ್ತಾರೆ. ಕಡಲು ಸದಾ ಬಲಗಡೆಗೇ ಇರುತ್ತದೆ, ಓಕ್ ಕಾಯಿಯ ಗುರುತಿರುವ ಕಂಬಗಳು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಹೀಗಿರುವಾಗ ಇಷ್ಟು ಹಾಳೆ ಕೊಳ್ಳುವುದು ದುಂದಲ್ಲವೇ? (ಬ್ರಿಸ್ಟಲ್‌ನಿಂದ ಒಬ್ಬ ಓದುಗರು)

ಉತ್ತರ: ದಾರಿ ತಪ್ಪಬಹುದೆಂಬ ಭಯಕ್ಕೆ ಕೊಳ್ಳುವುದಾದರೆ ಖಂಡಿತ ದುಂದು. ಮೈನ್‌ಹೆಡ್‌ನಿಂದ ಹೊರಟವರಿಗೆ ಕಡಲು ಕೊನೆಯವರೆಗೂ ಬಲಗಡೆಗೇ ಇರುತ್ತದೆ ಎಂಬ ನಿಮ್ಮ ಮಾತು ನಿಜ, ಮತ್ತು ಊರುಗಳ ಒಳಗೆ ಹಾದಿ ಬೀದಿಗಳ ನಡುವೆ ಮರೆಯಾಗುವ ಕೆಲವು ಕಡೆ ಬಿಟ್ಟರೆ ಗುರುತಿನ ಕಂಬಗಳನ್ನು ನಂಬಿ ನಡೆಯಬಹುದು. ಆದರೆ ದಂಡೆಯ ಹಾದಿಯಲ್ಲಿ ನಕ್ಷೆ ಬೇಕಾಗುವುದು ದಾರಿಯನ್ನು ತಿಳಿಯುವುದಕ್ಕಿಂತ ಹೆಚ್ಚಾಗಿ ಹೊತ್ತನ್ನು ತಿಳಿಯುವುದಕ್ಕೆ. ಇಂದು ಕತ್ತಲಾಗುವುದರೊಳಗೆ ಎಲ್ಲಿ ಮುಟ್ಟುತ್ತೇವೆ, ದೋಣಿ ನಿಲ್ಲುವ ಮೊದಲು ಅಳಿವೆ ತಲುಪುತ್ತೇವೆಯೇ, ಕಾಲು ಸೋತರೆ ಯಾವ ಕವಲಿನಲ್ಲಿ ಒಳನಾಡಿಗೆ ತಿರುಗಿದರೆ ವಾಹನ ಓಡಾಡುವ ರಸ್ತೆ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಕಂಬದ ಮೇಲಿನ ಓಕ್ ಕಾಯಿ ಏನನ್ನೂ ಹೇಳುವುದಿಲ್ಲ. ಕಂಬದಲ್ಲಿ ಮೈಲಿಯ ಲೆಕ್ಕ ಬರೆದಿದ್ದರೂ ಆ ಮೈಲಿ ಸಪಾಟಾದದ್ದೋ ನಿಂತ ಗೋಡೆಯಂಥದ್ದೋ ಅದರಿಂದ ತಿಳಿಯದು.

ಡೆವನ್‌ನ ಹಾರ್ಟ್‌ಲ್ಯಾಂಡ್ ಕ್ವೇಯಿಂದ ಕಾರ್ನ್‌ವಾಲ್‌ನ ಬ್ಯೂಡ್‌ವರೆಗಿನ ತುಂಡನ್ನು ನೋಡಿ. ಉದ್ದ ಸುಮಾರು 15 ಮೈಲಿ, 24 ಕಿ.ಮೀ. ಚಿಲ್ಲರೆ. ಬೆಂಗಳೂರಿನ ರಸ್ತೆಯಲ್ಲಿ ಬೆಳಗಿನ ನಡಿಗೆ ಮಾಡುವವರು ಐದು ಗಂಟೆಯ ಕೆಲಸ ಎಂದುಕೊಳ್ಳುತ್ತಾರೆ. ಎಕ್ಸ್‌ಪ್ಲೋರರ್ ಹಾಳೆಯನ್ನು ಬಿಡಿಸಿದರೆ ಬೇರೆಯೇ ಕತೆ ಕಾಣುತ್ತದೆ. ಒಳನಾಡಿನಿಂದ ಹರಿದು ಬರುವ ತೊರೆಗಳು ದಂಡೆಯ ಎತ್ತರದ ನೆಲವನ್ನು ಕೊರೆದು ಹತ್ತು ಕಣಿವೆಗಳನ್ನು ಮಾಡಿವೆ, ಹಾದಿಯನ್ನು ತೋರಿಸುವ ಹಸಿರು ವಜ್ರಾಕೃತಿಯ ಚುಕ್ಕೆಗಳು ಅವುಗಳಲ್ಲಿ ಒಂದನ್ನೂ ತಪ್ಪಿಸದೆ ಇಳಿದು ಏರುತ್ತವೆ. ಎರಡು ಸೀಮೆಗಳ ಗಡಿಯಾದ ಮಾರ್ಸ್‌ಲ್ಯಾಂಡ್ ಮೌತ್‌ನಲ್ಲಿ ಕಂದು ಬಣ್ಣದ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ತೊರೆಯ ಮೇಲ್ಭಾಗಕ್ಕೆ ಮೂತಿ ಮಾಡಿದ ಬಾಣಗಳಂತೆ ಒಂದರೊಳಗೊಂದು ಕೂತಿವೆ. ಹಾದಿ ಆ ಗೆರೆಗಳನ್ನು ಒಂದಾದ ಮೇಲೊಂದರಂತೆ ಅಡ್ಡಡ್ಡ ಕತ್ತರಿಸಿ ಬಹುಮಟ್ಟಿಗೆ ಕಡಲಿನ ಮಟ್ಟಕ್ಕೇ ಇಳಿದು, ತೊರೆ ದಾಟಿ, ಆಚೆ ದಡದಲ್ಲಿ ಅಷ್ಟೇ ಗೆರೆಗಳನ್ನು ಹತ್ತುತ್ತದೆ. ಇಡೀ ಹಾದಿಯ ಅತಿ ಎತ್ತರದ ಜಾಗವಾದ ಎಕ್ಸ್‌ಮೂರ್‌ನ ಗ್ರೇಟ್ ಹ್ಯಾಂಗ್‌ಮ್ಯಾನ್ ಕೇವಲ 318 ಮೀ. ಎತ್ತರವಿದೆ. ಆದರೂ ಮೊದಲಿನಿಂದ ಕೊನೆಯವರೆಗಿನ ಏರುಗಳನ್ನೆಲ್ಲ ಕೂಡಿದರೆ 35,000 ಮೀ. ದಾಟುತ್ತದೆ, ಎವರೆಸ್ಟಿನ ಎತ್ತರದ ನಾಲ್ಕು ಪಟ್ಟಿಗೆ ಹತ್ತಿರ. ಈ ಏರುಗಳು ಎಲ್ಲೆಲ್ಲಿ ಬಚ್ಚಿಟ್ಟುಕೊಂಡಿವೆ ಎಂಬುದನ್ನು ಬೆಳಗ್ಗೆ ತಿಂಡಿ ತಿನ್ನುವ ಹೊತ್ತಿಗೇ ತೋರಿಸುವುದು ವಿವರವಾದ ನಕ್ಷೆ ಮಾತ್ರ.

ಹದಿನಾರನ್ನೂ ಒಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಕಂತಿಗೆ ಬೇಕಾದ ಹಾಳೆಯನ್ನಷ್ಟೇ ಕೊಳ್ಳಿ. ಹಾದಿಯ ಪಟ್ಟಿಯನ್ನು ಮಾತ್ರ ಕತ್ತರಿಸಿ ಪುಸ್ತಕದಂತೆ ಹೊಲಿದ ನಕ್ಷೆಗಳೂ ಸಿಗುತ್ತವೆ, ಅವು ಹಗುರ, ಗಾಳಿಯಲ್ಲಿ ಮಡಚುವ ಗೋಳಿಲ್ಲ. ಆದರೆ ಪಟ್ಟಿಯಿಂದ ಆಚೆ ನಾಲ್ಕು ಕಿ.ಮೀ. ದೂರದ ಹಳ್ಳಿಗೆ ಹೋಗಬೇಕಾಗಿ ಬಂದಾಗ ಅಂಥ ಪುಸ್ತಕ ಅಂಚಿನಲ್ಲೇ ಕೈಬಿಡುತ್ತದೆ. ನನ್ನ ಒಲವು ದೊಡ್ಡ ಹಾಳೆಯ ಕಡೆಗೇ.

ಪ್ರಶ್ನೆ: ನಾನು ನಿವೃತ್ತ ಭೂಗೋಳ ಅಧ್ಯಾಪಕ. ಬ್ರಿಟನ್ನಿನ ಆರ್ಡನೆನ್ಸ್ ಸರ್ವೇ ಸಂಸ್ಥೆಯ 1:25,000 ಮತ್ತು 1:50,000 ನಕ್ಷೆಗಳಲ್ಲಿ ನಡೆಯುವವರಿಗೆ ಯಾವುದು ಉತ್ತಮ? ಸಮೋನ್ನತಿ ರೇಖೆಗಳಿಂದ ನಡಿಗೆಯ ಸಮಯವನ್ನು ಲೆಕ್ಕ ಹಾಕುವ ಸರಳ ವಿಧಾನವಿದೆಯೇ? (ಧಾರವಾಡದಿಂದ ಒಬ್ಬ ಓದುಗರು)

ಉತ್ತರ: ಎರಡನ್ನೂ ನಿಮ್ಮಂಥವರು ಮೇಜಿನ ಮೇಲೆ ಹರಡಿ ಪಕ್ಕಪಕ್ಕಕ್ಕೆ ನೋಡಬೇಕು. ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ 1:50,000, ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.; ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ 1:25,000, ಅದರಲ್ಲಿ 4 ಸೆಂ.ಮೀ.ಗೆ 1 ಕಿ.ಮೀ. ದೊಡ್ಡದಾಗಿ ಕಾಣುವುದಷ್ಟೇ ವ್ಯತ್ಯಾಸವಲ್ಲ. ಹೊಲಗಳ ಬೇಲಿಯನ್ನೂ ಕಲ್ಲುಗೋಡೆಯನ್ನೂ ಎಕ್ಸ್‌ಪ್ಲೋರರ್ ತೋರಿಸುತ್ತದೆ, ಲ್ಯಾಂಡ್‌ರೇಂಜರ್ ತೋರಿಸುವುದಿಲ್ಲ. ಮಂಜು ಕವಿದ ಬೆಳಗಿನಲ್ಲಿ ಹಾದಿ ಗೋಡೆಯ ಕಡಲಿನ ಬದಿಗೆ ಇದೆಯೋ ಹೊಲದ ಬದಿಗೆ ಇದೆಯೋ ಎಂಬುದು ಅಂಚಿನ ಬಂಡೆಯ ಮೇಲೆ ನಿಂತವನಿಗೆ ಸಣ್ಣ ವಿಷಯವಲ್ಲ. ಸಮೋನ್ನತಿ ರೇಖೆಗಳ ನಡುವಿನ ಅಂತರವೂ ಬೇರೆ: ಲ್ಯಾಂಡ್‌ರೇಂಜರಿನಲ್ಲಿ 10 ಮೀ., ಎಕ್ಸ್‌ಪ್ಲೋರರಿನಲ್ಲಿ ಬೆಟ್ಟದ ಸೀಮೆಗಳನ್ನು ಬಿಟ್ಟು ಉಳಿದೆಡೆ 5 ಮೀ. ಹಾಳೆಯ ಅಂಚಿನ ಸೂಚಿಯಲ್ಲಿ ಅಂತರವನ್ನು ಮೊದಲು ಓದಿಕೊಂಡು ಆಮೇಲೆ ಎಣಿಸಲು ಶುರುಮಾಡಬೇಕು. ಐದನೆಯ ಗೆರೆ ದಪ್ಪಗಿರುವುದರಿಂದ ಎಣಿಕೆ ಬೇಗ ಆಗುತ್ತದೆ. ಹಲವು ವಾರಗಳ ನಡಿಗೆಗೆ ಒಟ್ಟಾರೆ ಯೋಜನೆ ಹಾಕುವವರಿಗೆ ಲ್ಯಾಂಡ್‌ರೇಂಜರ್ ಸಾಕು, ಆ ದಿನದ ಚೀಲದಲ್ಲಿ ಎಕ್ಸ್‌ಪ್ಲೋರರ್ ಇರಲಿ.

ಸಮಯದ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಮೀಟರಿಗೆ ಹೊಂದಿಸಿದರೆ 5 ಕಿ.ಮೀ.ಗೆ ಒಂದು ಗಂಟೆ, 10 ಮೀ. ಏರಿಗೆ ಒಂದು ನಿಮಿಷ. 5 ಮೀ. ಅಂತರದ ಹಾಳೆಯಲ್ಲಿ ಹಾದಿ ಏರುತ್ತ ಕತ್ತರಿಸುವ ಪ್ರತಿ ಎರಡು ಗೆರೆಗೆ ಒಂದು ನಿಮಿಷ ಎಂದು ನೆನಪಿಟ್ಟುಕೊಂಡರೆ ಮುಗಿಯಿತು. ಹಾರ್ಟ್‌ಲ್ಯಾಂಡ್ ಕ್ವೇಯಿಂದ ಬ್ಯೂಡ್‌ವರೆಗಿನ ಹತ್ತು ಕಣಿವೆಗಳಲ್ಲಿ ಒಂದೊಂದರ ಏರು ಸರಾಸರಿ 100 ಮೀ. ಎಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ದೂರಕ್ಕೆ ಸುಮಾರು ನಾಲ್ಕು ಗಂಟೆ ಐವತ್ತು ನಿಮಿಷ, ಏರಿಗೆ ನೂರು ನಿಮಿಷ, ಒಟ್ಟು ಆರೂವರೆ ಗಂಟೆ. ಆದರೆ ನೇಸ್ಮಿತ್ ಇಳಿಜಾರಿಗೆ ಏನನ್ನೂ ಕೂಡಿಸಿಲ್ಲ, ಊಟಕ್ಕೆ, ವಿಶ್ರಾಂತಿಗೆ, ಫೋಟೋಗೆ ಅವನ ಲೆಕ್ಕದಲ್ಲಿ ಜಾಗವೇ ಇಲ್ಲ. ಮಳೆ ಬಿದ್ದ ಮೇಲೆ ಜಾರುವ ಮೆಟ್ಟಿಲುಗಳನ್ನು ಇಳಿಯುವುದು ಎಷ್ಟೋ ಸಲ ಏರುವುದಕ್ಕಿಂತ ನಿಧಾನ. ಭಾರದ ಚೀಲ ಹೊತ್ತ ಮಧ್ಯಮ ನಡಿಗೆಯವರು ಬಂದ ಉತ್ತರಕ್ಕೆ ಮೂರನೆಯ ಒಂದು ಭಾಗ ಸೇರಿಸಿಕೊಳ್ಳುವುದು ಕ್ಷೇಮ. ಆಗ ಎಂಟೂಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಡಿಸೆಂಬರಿನಲ್ಲಿ ಆ ಸೀಮೆಯ ಹಗಲೇ ಎಂಟು ಗಂಟೆಯಷ್ಟು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಎಚ್ಚರಿಕೆ. ಕಡಿದಾದ ಬಂಡೆಯ ಮುಖದಲ್ಲಿ ಸಮೋನ್ನತಿ ರೇಖೆಗಳು ಒಂದರ ಮೇಲೊಂದು ಬಿದ್ದು ಬಂಡೆಯ ಚಿಹ್ನೆಯೊಳಗೆ ಮಾಯವಾಗುತ್ತವೆ. ಗೆರೆ ಕಾಣದಿರುವುದನ್ನು ಸಮತಟ್ಟು ಎಂದು ಓದಿಕೊಂಡು ಅತ್ತ ಅಡ್ಡದಾರಿ ಹಿಡಿಯಬಾರದು.

ಪ್ರಶ್ನೆ: ಮಗ ಪ್ಲಿಮತ್‌ನಲ್ಲಿದ್ದಾನೆ. ಮುಂದಿನ ಬೇಸಿಗೆಯಲ್ಲಿ ಅಲ್ಲಿಂದ ಪೂರ್ವಕ್ಕೆ ನಡೆಯುವ ಆಸೆ. ನಡುವೆ ಅರ್ಮ್ ಎಂಬ ಹೊಳೆಗೆ ಸೇತುವೆಯೂ ಇಲ್ಲ, ದೋಣಿಯೂ ಇಲ್ಲ, ನೀರು ಇಳಿದಾಗ ಹಾಯ್ದು ಹೋಗಬೇಕು ಎನ್ನುತ್ತಾನೆ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆ ನೋಡಿ ಉಬ್ಬರ ಇಳಿತವನ್ನು ಅಂದಾಜು ಮಾಡುತ್ತಾರೆ. ಆ ಲೆಕ್ಕ ಅಲ್ಲಿ ನಡೆಯುತ್ತದೆಯೇ? ನಕ್ಷೆಯಲ್ಲಿ ಇದು ಗೊತ್ತಾಗುತ್ತದೆಯೇ? (ಹೊನ್ನಾವರದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಪಶ್ಚಿಮ ದಡದ ಮದರ್‌ಕೂಮ್‌ನಿಂದ ಪೂರ್ವ ದಡದ ವಾನ್‌ವೆಲ್‌ಗೆ, ಒಂದು ಇಳಿಜಾರು ಕಟ್ಟೆಯಿಂದ ಇನ್ನೊಂದಕ್ಕೆ, ನೀರು ಅತ್ಯಂತ ಇಳಿದ ಹೊತ್ತಿನ ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆಯೊಳಗೆ ಹಾಯಬೇಕು. ಆ ಗಳಿಗೆ ತಪ್ಪಿದರೆ ಒಳನಾಡಿನ ರಸ್ತೆಗಳಲ್ಲಿ ಹನ್ನೆರಡು ಕಿ.ಮೀ.ಗೂ ಹೆಚ್ಚು ಸುತ್ತು. ಮೇಲ್ಭಾಗದಲ್ಲಿ ಮಳೆ ಸುರಿದು ಹೊಳೆ ಕೆಂಪಾಗಿ ತುಂಬಿದ್ದರೆ, ಕಡಲಲ್ಲಿ ಅಲೆ ಜೋರಾಗಿದ್ದರೆ, ಇಳಿತದ ಹೊತ್ತಿನಲ್ಲೂ ಇಳಿಯಬಾರದು.

ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಅಲ್ಲಿಯೂ ನಡೆಯುತ್ತದೆ, ಚಂದ್ರ ಅವನೇ ತಾನೆ. ಅವೆರಡರ ಒಂದೆರಡು ದಿನದ ನಂತರ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಪ್ಲಿಮತ್ ಸೀಮೆಗೆ ಇನ್ನೊಂದು ಅನುಕೂಲವಿದೆ. ಅಲ್ಲಿ ದೊಡ್ಡ ಉಬ್ಬರ ಬೆಳಗ್ಗೆ ಮತ್ತು ಸಂಜೆ ಆರರ ಆಚೀಚೆ ಬರುತ್ತದೆ, ಆದ್ದರಿಂದ ದೊಡ್ಡ ಇಳಿತ ಮಧ್ಯಾಹ್ನದ ಹೊತ್ತಿಗೆ ಬೀಳುತ್ತದೆ. ಪಂಚಾಂಗ ನೋಡಿ ಹುಣ್ಣಿಮೆಯ ಮರುದಿನಗಳಲ್ಲಿ ಅರ್ಮ್ ದಾಟುವಂತೆ ಪ್ರಯಾಣ ಹೊಂದಿಸಿಕೊಂಡರೆ ಹಗಲಿನಲ್ಲೇ, ನೀರು ತೀರಾ ತಗ್ಗಿರುವಾಗಲೇ ಹಾಯುವ ಅವಕಾಶ ಹೆಚ್ಚು. ಆದರೆ ಪಂಚಾಂಗ ದಿನವನ್ನು ಆರಿಸಲು ಮಾತ್ರ. ನಿಮಿಷದ ಲೆಕ್ಕಕ್ಕೆ ಆ ದಿನದ ಉಬ್ಬರ ಇಳಿತದ ಪಟ್ಟಿಯೇ ಬೇಕು. ಕೆಲವು ಪಟ್ಟಿಗಳು ವರ್ಷವಿಡೀ ಗ್ರೀನಿಚ್ ಸಮಯವನ್ನೇ ಕೊಡುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಎರಡು ಗಂಟೆಯ ಅವಕಾಶದಲ್ಲಿ ಒಂದು ಗಂಟೆಯ ತಪ್ಪು ಏನು ಮಾಡುತ್ತದೆ ಎಂಬುದನ್ನು ಹೊನ್ನಾವರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಕ್ಷೆ ಇಲ್ಲಿ ಅರ್ಧ ಮಾತ್ರ ಹೇಳುತ್ತದೆ. ಎಕ್ಸ್‌ಪ್ಲೋರರ್ ಹಾಳೆಯಲ್ಲಿ ದಂಡೆಗೆ ಎರಡು ಗೆರೆಗಳಿರುತ್ತವೆ: ಸರಾಸರಿ ಉಬ್ಬರದಲ್ಲಿ ನೀರು ನಿಲ್ಲುವ ಗೆರೆ, ಸರಾಸರಿ ಇಳಿತದಲ್ಲಿ ನಿಲ್ಲುವ ಗೆರೆ. ಇವೆರಡರ ನಡುವಿನ ಜಾಗ ಮರಳೋ, ಕೆಸರೋ, ಬಂಡೆಯೋ ಎಂಬುದನ್ನೂ ಬೇರೆ ಬೇರೆಯಾಗಿ ಬರೆದಿರುತ್ತಾರೆ. ಕೆಸರಿನ ಗುರುತಿರುವ ಅಳಿವೆಗೆ ಕಾಲಿಡಲೇಬೇಡಿ. ಮರಳಿನ ಗುರುತಿದ್ದ ಮಾತ್ರಕ್ಕೆ ನಂಬುವುದೂ ಬೇಡ. ಅರ್ಮ್ ದಾಟಿದ ಮೇಲೆ ಪೂರ್ವಕ್ಕೆ ಸಿಗುವ ಏವನ್ ಹೊಳೆಯೂ ನಕ್ಷೆಯ ಮೇಲೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಆದರೆ ಅದನ್ನು ಹಾಯುವುದು ಅಪಾಯ, ಬ್ಯಾಂಥಮ್‌ನ ದೋಣಿಯೇ ಗತಿ. ಆ ದೋಣಿಯೂ ಎಲ್ಲ ಕಾಲದಲ್ಲೂ ಇರುವುದಿಲ್ಲ. ಈ ಹಾದಿಯಲ್ಲಿ ಸಣ್ಣ ಅಳಿವೆಗಳ ದೋಣಿಗಳು ಹಲವು ಕಡೆ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ, ಅದೂ ದಿನದ ಕೆಲವೇ ಗಂಟೆ ನಡೆಯುತ್ತವೆ. ನಕ್ಷೆಯಲ್ಲಿ ನೀರಿನ ಮೇಲೆ ಎಳೆದ ತುಂಡುಗೆರೆ ದೋಣಿ ಉಂಟು ಎನ್ನುತ್ತದೆಯೇ ಹೊರತು ನಾಳೆ ಮಧ್ಯಾಹ್ನ ಮೂರಕ್ಕೆ ಉಂಟೇ ಎನ್ನುವುದಿಲ್ಲ.

ಎರಡು ಸೊನ್ನೆಗಳ ವಿಷಯವನ್ನೂ ಹೇಳಿಬಿಡುತ್ತೇನೆ. ನಕ್ಷೆಯ ಎತ್ತರಗಳನ್ನೆಲ್ಲ ಅಳೆಯುವುದು ಕಾರ್ನ್‌ವಾಲ್‌ನ ನ್ಯೂಲಿನ್ ಬಂದರಿನಲ್ಲಿ 1915ರಿಂದ 1921ರವರೆಗೆ ದಾಖಲಿಸಿದ ಕಡಲಿನ ಸರಾಸರಿ ಮಟ್ಟದಿಂದ. ಉಬ್ಬರ ಇಳಿತದ ಪಟ್ಟಿಯ ಸೊನ್ನೆ ಅದಲ್ಲ, ಅದು ನೀರು ಇಳಿಯಬಹುದಾದ ಅತಿ ತಗ್ಗಿನ ಮಟ್ಟಕ್ಕೆ ಹತ್ತಿರದ್ದು. ನ್ಯೂಲಿನ್‌ನಲ್ಲಿ ಈ ಎರಡರ ನಡುವೆ 3.05 ಮೀ. ವ್ಯತ್ಯಾಸವಿದೆ. ಆದ್ದರಿಂದ ಪಟ್ಟಿಯಲ್ಲಿ ಇಳಿತ 0.6 ಮೀ. ಎಂದಿದ್ದರೆ ಮೊಣಕಾಲಿನವರೆಗೆ ನೀರು ಎಂದು ಅರ್ಥವಲ್ಲ. ಹೊಳೆಯ ತಳ ಎಲ್ಲಿದೆ ಎಂಬುದು ಪಟ್ಟಿಗೆ ಗೊತ್ತಿಲ್ಲ.

ಪ್ರಶ್ನೆ: ಫೋನಿನಲ್ಲಿ ಇದೇ ನಕ್ಷೆ ಸಿಗುತ್ತದೆ, ನಾವು ನಿಂತ ಜಾಗವನ್ನೂ ತೋರಿಸುತ್ತದೆ. ಇನ್ನು ಕಾಗದ, ದಿಕ್ಸೂಚಿ ಯಾಕೆ? (ರೆಡಿಂಗ್‌ನಿಂದ ಒಬ್ಬ ಓದುಗರು)

ಉತ್ತರ: ಎರಡೂ ಇರಲಿ. ಹೊಸ ಕಾಗದದ ನಕ್ಷೆ ಕೊಂಡರೆ ಅದೇ ಹಾಳೆಯನ್ನು ಫೋನಿಗೆ ಇಳಿಸಿಕೊಳ್ಳುವ ಸಂಕೇತವೂ ಒಳಗೇ ಇರುತ್ತದೆ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಸಿಗ್ನಲ್ ಸಾಯುವ ಕಣಿವೆಯಲ್ಲಿ ಬರಿಯ ಬೂದು ಪರದೆಯ ಮೇಲೆ ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ಫೋನಿನ ನಿಜವಾದ ಕೊರತೆ ಬ್ಯಾಟರಿಗಿಂತ ಅದರ ಕಿಟಕಿಯ ಅಳತೆ. ನಿಂತ ಜಾಗವನ್ನು ಅದು ಚೆನ್ನಾಗಿ ತೋರಿಸುತ್ತದೆ, ಮುಂದಿನ ಆರು ಗಂಟೆಯನ್ನು ಒಟ್ಟಿಗೆ ತೋರಿಸುವುದಿಲ್ಲ. ದಿನದ ತೀರ್ಮಾನಗಳು ಆಗಬೇಕಾದದ್ದು ಆ ಆರು ಗಂಟೆಯ ಮೇಲೆ.

ಅಪಘಾತವಾದಾಗ ಮಾತ್ರ ಫೋನು ಮುಖ್ಯ. ಬ್ರಿಟನ್ನಿನ ದಂಡೆಯಲ್ಲಿ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು, ಅವರು ಜಾಗ ಕೇಳಿದಾಗ ಚೌಕದ ಸಂಖ್ಯೆ ಹೇಳಲು ಬರಬೇಕು. ನಕ್ಷೆಯ ನೀಲಿ ಚೌಕಗಳು ಒಂದೊಂದು 1 ಕಿ.ಮೀ. ಅಗಲ. ಮೊದಲು ಎಡದಿಂದ ಬಲಕ್ಕೆ ಓದುವ ಸಂಖ್ಯೆ, ಆಮೇಲೆ ಕೆಳಗಿನಿಂದ ಮೇಲಕ್ಕೆ ಓದುವ ಸಂಖ್ಯೆ. ಲ್ಯಾಂಡ್ಸ್ ಎಂಡ್ ಇರುವುದು ಎಸ್‌ಡಬ್ಲ್ಯೂ 34 25 ಎಂಬ ಚೌಕದಲ್ಲಿ (ಮೊದಲಿನ ಎರಡು ಅಕ್ಷರಗಳು ಅದನ್ನು ಒಳಗೊಂಡ ದೊಡ್ಡ ಚೌಕದ ಹೆಸರು). ಪ್ರತಿ ಚೌಕವನ್ನು ಕಣ್ಣಂದಾಜಿನಲ್ಲಿ ಹತ್ತು ಭಾಗ ಮಾಡಿ ಒಂದೊಂದು ಅಂಕಿ ಸೇರಿಸಿದರೆ ಆರು ಅಂಕಿಯಾಗಿ ಜಾಗ 100 ಮೀ. ಒಳಗೆ ಹಿಡಿತಕ್ಕೆ ಬರುತ್ತದೆ.

ದಿಕ್ಸೂಚಿಯ ಬಗ್ಗೆ ಒಂದು ಸಂತೋಷದ ಸಂಗತಿ. ಅಯಸ್ಕಾಂತದ ಮುಳ್ಳು ತೋರುವ ದಿಕ್ಕಿಗೂ ನಕ್ಷೆಯ ಚೌಕಗಳ ಗೆರೆಗೂ ಇರುವ ವ್ಯತ್ಯಾಸವನ್ನು ಸರಿಪಡಿಸುವುದು ಹೊಸಬರಿಗೆ ದೊಡ್ಡ ತಲೆನೋವು. ಆ ಎರಡೂ, ಭೂಮಿಯ ನಿಜವಾದ ಉತ್ತರವೂ ಒಂದೇ ಗೆರೆಗೆ ಬಂದು ಬ್ರಿಟನ್ನಿನ ನೆಲ ಮುಟ್ಟಿದ್ದು 2022ರ ನವೆಂಬರಿನಲ್ಲಿ, ಇದೇ ಹಾದಿಯ ಕೊನೆಯ ಭಾಗಕ್ಕೆ ಹತ್ತಿರದ ಲ್ಯಾಂಗ್ಟನ್ ಮ್ಯಾಟ್ರಾವರ್ಸ್ ಎಂಬ ಹಳ್ಳಿಯ ಬಳಿ. ಈಗ ಆ ಸೀಮೆಯಲ್ಲಿ ವ್ಯತ್ಯಾಸ ಅಲ್ಪವೇ ಆದ್ದರಿಂದ ಸಾಮಾನ್ಯ ನಡಿಗೆಗೆ ಅದನ್ನು ಮರೆತೂ ಬಿಡಬಹುದು.

ಪ್ರಶ್ನೆ: ಹಳೆಯ ಪುಸ್ತಕಗಳ ಅಂಗಡಿಯಲ್ಲಿ 1990ರ ದಶಕದ ನಕ್ಷೆಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಬೆಟ್ಟವೂ ಕಡಲೂ ಬದಲಾಗುವುದಿಲ್ಲವಲ್ಲ, ಅವನ್ನೇ ಬಳಸಬಹುದೇ? (ಎಕ್ಸೆಟರ್‌ನಿಂದ ಒಬ್ಬ ಓದುಗರು)

ಉತ್ತರ: ಗೋಡೆಗೆ ಅಂಟಿಸಲು ಬಳಸಿ. ಬೆಟ್ಟ ಬದಲಾಗದಿರಬಹುದು, ಈ ದಂಡೆ ಬದಲಾಗುತ್ತದೆ. ಸೀಟನ್ ಮತ್ತು ಲೈಮ್ ರೀಜಿಸ್ ನಡುವೆ 1839ರ ಕ್ರಿಸ್‌ಮಸ್ ಹೊತ್ತಿನಲ್ಲಿ ಹೊಲಗಳ ಸಮೇತ ದೊಡ್ಡ ಭೂಭಾಗವೇ ಕುಸಿದು ಜಾರಿತು; ಅದೇ ಕುಸಿದ ನೆಲದ ಕಾಡಿನ ನಡುವೆ ಹಾದಿ ಈಗ ಸಾಗುತ್ತದೆ. 2014ರಲ್ಲಿ ಮತ್ತೆ ಕುಸಿತವಾಗಿ ಮುಚ್ಚಿದ ಆ ಭಾಗ 2016ರಲ್ಲಿ ಮತ್ತೆ ತೆರೆಯಿತು. ಹೀಗೆ ಕುಸಿದ ಕಡೆಯಲ್ಲೆಲ್ಲ ಹಾದಿಯನ್ನು ಒಳಕ್ಕೆ ಸರಿಸುತ್ತಾರೆ. ಹಳೆಯ ನಕ್ಷೆಯ ಹಸಿರು ಗೆರೆ ಕೆಲವು ಕಡೆ ಇಂದು ಗಾಳಿಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಹೊಸ ನಕ್ಷೆಯೂ ಅಚ್ಚಾದ ದಿನಕ್ಕೆ ಹೊಸದು, ಆದ್ದರಿಂದ ನಕ್ಷೆಗೂ ನೆಲದ ಮೇಲಿನ ಫಲಕಕ್ಕೂ ಜಗಳ ಬಂದರೆ ಫಲಕದ ಮಾತು ಕೇಳಬೇಕು. ಹಳೆಯ ಕೆಲವು ಹಾಳೆಗಳಲ್ಲಿ ಎತ್ತರ ಅಡಿಯಲ್ಲಿದೆ, ಮೇಲೆ ಹೇಳಿದ ನಿಮಿಷದ ಲೆಕ್ಕ ಅಲ್ಲಿ ಕೆಡುತ್ತದೆ.

ಡಾರ್ಸೆಟ್‌ನ ಲಲ್‌ವರ್ತ್ ಪೂರ್ವಕ್ಕೆ ನಕ್ಷೆಯ ಮೇಲೆ ಕೆಂಪಕ್ಷರದಲ್ಲಿ ಅಪಾಯದ ಪ್ರದೇಶ ಎಂದು ಬರೆದ ಸೇನೆಯ ಗುಂಡು ಹಾರಿಸುವ ಮೈದಾನವಿದೆ. ಹೆಚ್ಚಿನ ವಾರಾಂತ್ಯಗಳಲ್ಲಿ ತೆರೆದಿರುತ್ತದೆ, ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಇದೂ ಹೊತ್ತಿನ ಪ್ರಶ್ನೆಯೇ: ಬುಧವಾರ ಅಲ್ಲಿಗೆ ಮುಟ್ಟಿದವರಿಗೆ ಉಳಿಯುವುದು ಉದ್ದನೆಯ ಸುತ್ತುದಾರಿ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ಇಡೀ ಹಾದಿ ನಮ್ಮಿಂದಾಗದು. ಒಂದೇ ಹಾಳೆ ಕೊಂಡು ನಾಲ್ಕೈದು ದಿನ ನಡೆಯುವುದಾದರೆ ಯಾವುದನ್ನು ಕೊಳ್ಳಬೇಕು? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ಎಕ್ಸ್‌ಪ್ಲೋರರ್ 102, ಲ್ಯಾಂಡ್ಸ್ ಎಂಡ್. ಸೇಂಟ್ ಐವ್ಸ್ ಮತ್ತು ಪೆನ್‌ಜಾನ್ಸ್ ಎರಡೂ ರೈಲು ಬರುವ ಊರುಗಳು, ಎರಡೂ ಇದೇ ಹಾಳೆಯಲ್ಲಿವೆ. ನೇರ ಗೆರೆ ಎಳೆದರೆ ಅವುಗಳ ನಡುವೆ ಹನ್ನೊಂದು ಕಿ.ಮೀ.ಯಷ್ಟು, ದಂಡೆಯನ್ನು ಹಿಡಿದು ಸುತ್ತಿ ಬಂದರೆ ಸುಮಾರು 65 ಕಿ.ಮೀ. ಯಾವ ದಿನ ಕೈಬಿಡಬೇಕೆನಿಸಿದರೂ ಒಳನಾಡಿನ ರಸ್ತೆ ದೂರವಿಲ್ಲ ಎಂಬುದು ಹಾಳೆಯ ಮೇಲೆ ನಿಚ್ಚಳವಾಗಿ ಕಾಣುತ್ತದೆ. ಸೇಂಟ್ ಐವ್ಸ್‌ನಿಂದ ಝೆನರ್‌ವರೆಗಿನ ಮೊದಲ ಹತ್ತು ಕಿ.ಮೀ. ಬಂಡೆಗಲ್ಲುಗಳ ಮೇಲೆ ಹತ್ತಿಳಿಯುವ ಹಾದಿ, ಸಮೋನ್ನತಿ ರೇಖೆಗಳು ಅಷ್ಟೊಂದು ಹೆದರಿಸದಿದ್ದರೂ ಕಾಲಿಗೆ ನಿಧಾನ. ಆ ದಿನ ಅಷ್ಟೇ ಸಾಕು.

ಮುಂದೆ ಬೊಟಾಲಕ್ ಮತ್ತು ಲೆವಾಂಟ್ ಸುತ್ತಮುತ್ತ ಹಾಳೆಯ ತುಂಬ ಪಾಳುಬಿದ್ದ ಗಣಿ, ಗಣಿಬಾವಿ ಎಂಬ ಸಣ್ಣ ಅಕ್ಷರಗಳು ಕಾಣುತ್ತವೆ. ತವರ ಮತ್ತು ತಾಮ್ರ ತೆಗೆಯುತ್ತಿದ್ದ, 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸೀಮೆಯಿದು. ಇಲ್ಲಿನ ಗಣಿಗಳು ಸೊರಗಿದಾಗ ಇಲ್ಲಿಯ ಕೆಲಸಗಾರರು ಲೋಕದ ನಾನಾ ಕಡೆ ಹೋದರು, 1880ರ ದಶಕದಿಂದ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದರು. ಮೈಸೂರಿನವರಾದ ನೀವು ಅಲ್ಲಿನ ಕಲ್ಲಿನ ಎಂಜಿನ್ ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ನ್ಯಾಯವೇ. ಆದರೆ ಆ ಸಣ್ಣ ಅಕ್ಷರಗಳಿರುವ ಕಡೆ ಹಾದಿಯಿಂದ ಹೊರಗೆ ಕಾಲಿಡಬೇಡಿ, ಪೊದೆಗಳ ಕೆಳಗೆ ಏನಿದೆಯೆಂದು ಹೇಳಲಾಗದು. ಪೆನ್‌ಜಾನ್ಸ್‌ಗೆ ಮುಂಚೆ ಸಿಗುವ ನ್ಯೂಲಿನ್ ಬಂದರಿನ ಕಟ್ಟೆಯ ಮೇಲೆ, ನಿಮ್ಮ ಕೈಯಲ್ಲಿರುವ ನಕ್ಷೆಯ ಎಲ್ಲ ಎತ್ತರಗಳಿಗೂ ಸೊನ್ನೆಯನ್ನು ಕೊಟ್ಟ ಉಬ್ಬರ ಮಾಪನದ ಸಣ್ಣ ಕಟ್ಟಡವಿದೆ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಇಂಥ ನಕ್ಷೆ ಹಿಡಿದು ನಡೆಯಲು ಸಾಧ್ಯವೇ? (ಅಂಕೋಲಾದಿಂದ ಒಬ್ಬ ಓದುಗರು)

ಉತ್ತರ: ನಕ್ಷೆ ಇದೆ, ಹಾದಿ ಇಲ್ಲ. 1767ರಲ್ಲಿ ಹುಟ್ಟಿದ ಸರ್ವೇ ಆಫ್ ಇಂಡಿಯಾ ಬ್ರಿಟನ್ನಿನ ಆರ್ಡನೆನ್ಸ್ ಸರ್ವೇಗಿಂತ ಇಪ್ಪತ್ತನಾಲ್ಕು ವರ್ಷ ಹಿರಿಯದು. ಅದರ 1:50,000 ಟೋಪೋಶೀಟುಗಳು, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆಯ ಹಾಳೆಗಳು, ಸಾರ್ವಜನಿಕರಿಗಾಗಿಯೇ ಪ್ರಕಟವಾಗುತ್ತವೆ, 2017ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಇಳಿಸಿಕೊಳ್ಳುವ ವ್ಯವಸ್ಥೆಯೂ ಆಗಿದೆ. ಆದರೆ ಅವುಗಳ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀ. ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳ ನಡುವಿನ ಗುಡ್ಡದ ಮೂಗುಗಳಂಥವು ಅದರಲ್ಲಿ ಎರಡು ಮೂರು ಗೆರೆಗಳಾಗಿ ಮುಗಿದುಬಿಡುತ್ತವೆ. ದೂರ ಅಳೆಯಲು ಆದೀತು, ನಿಮಿಷ ಎಣಿಸಲು ಸಾಲದು.

ಅದಕ್ಕಿಂತ ದೊಡ್ಡ ವ್ಯತ್ಯಾಸ ಹಕ್ಕಿನದು. 1949ರ ಕಾಯಿದೆಯಿಂದಾಗಿ ಇಂಗ್ಲೆಂಡಿನಲ್ಲಿ ಸಾರ್ವಜನಿಕರು ನಡೆಯುವ ಹಕ್ಕಿರುವ ಕಾಲುಹಾದಿಗಳನ್ನು ಸ್ಥಳೀಯ ಆಡಳಿತ ಅಧಿಕೃತವಾಗಿ ದಾಖಲಿಸಬೇಕು, ಎಕ್ಸ್‌ಪ್ಲೋರರಿನ ಹಸಿರು ತುಂಡುಗೆರೆಗಳು ಬಂದದ್ದು ಆ ದಾಖಲೆಯಿಂದ. ನಮ್ಮ ಟೋಪೋಶೀಟಿನ ತುಂಡುಗೆರೆ ಅಲ್ಲಿ ಕಾಲುದಾರಿ ಇತ್ತು ಎಂದಷ್ಟೇ ಹೇಳುತ್ತದೆ. ಅದು ಇಂದು ಯಾರದೋ ತೋಟದ ಬೇಲಿಯೊಳಗೆ ಇರಬಹುದು, ಕಾರವಾರದ ಕಡೆಯಾದರೆ ನೌಕಾನೆಲೆಯ ಗಡಿಯೊಳಗೂ ಇರಬಹುದು.

ಉಬ್ಬರ ಇಳಿತದ ಕಾಟ ನಮ್ಮಲ್ಲಿ ಕಡಿಮೆ. ಇಲ್ಲಿನ ಏರಿಳಿತ ಸಾಮಾನ್ಯವಾಗಿ ಎರಡು ಮೀಟರಿನ ಒಳಗೇ. ಮೈನ್‌ಹೆಡ್ ಇರುವ ಬ್ರಿಸ್ಟಲ್ ಕಡಲಿನ ಕಾಲುವೆಯಲ್ಲಿ ಅದು ಹತ್ತು ಮೀಟರನ್ನು ದಾಟುವ ದಿನಗಳಿವೆ. ನಮ್ಮ ಅಡ್ಡಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ದೊಡ್ಡ ಅಳಿವೆಗಳು. ಅವುಗಳಲ್ಲಿ ಹಾಯುವ ಮಾತೇ ಇಲ್ಲ. ಮೊದಲ ಪ್ರಯತ್ನಕ್ಕೆ ಕುಮಟಾದಿಂದ ಗೋಕರ್ಣದ ಕಡೆಗಿನ ದಂಡೆಯನ್ನು ಆರಿಸಿಕೊಳ್ಳಿ. ಚಾರಣದ ತಂಡಗಳು ಓಡಾಡಿ ರೂಢಿಯಾದ ದಾರಿಯದು, ಅಘನಾಶಿನಿಯನ್ನು ತದಡಿಗೆ ತಾರಿಯಲ್ಲಿ ದಾಟಬಹುದು. ಮಳೆಗಾಲ ಮುಗಿದ ಮೇಲೆಯೇ ಹೊರಡಿ, ಟೋಪೋಶೀಟಿನ ಜೊತೆಗೆ ಫೋನಿನ ಉಪಗ್ರಹ ಚಿತ್ರವನ್ನೂ ಇಟ್ಟುಕೊಳ್ಳಿ, ತಾರಿಯ ಕೊನೆಯ ಸರದಿ ಎಷ್ಟು ಗಂಟೆಗೆ ಎಂಬುದನ್ನು ಹಿಂದಿನ ದಿನವೇ ದಡದವರನ್ನು ಕೇಳಿಕೊಂಡು ಅದರಿಂದ ಹಿಂದಕ್ಕೆ ಲೆಕ್ಕಹಾಕಿ ಬೆಳಗಿನ ಹೊತ್ತನ್ನು ಗೊತ್ತುಮಾಡಿ.